ಗುದ್ದಲಿಗೆ ಸಿಕ್ಕ ಶಿವ

(ಪರೇಲಿನಲ್ಲಿ ಕೂಡಿದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರೆಹ)



ಇಂದಿನ ಮಾತಿನ ವಿಷಯವನ್ನು ಹಲಗೆಯ ಮೇಲೆ ಬರೆದುದನ್ನು ಕಂಡು ಹಿಂದಿನ ಬೆಂಚಿನ ಹಿರಿಯರೊಬ್ಬರು ನಕ್ಕುದು ನಮ್ಮ ಕಿವಿಗೂ ಬಿತ್ತು. “ಖೋಲಿಯ ಮಾತಿಲ್ಲ, ಬಾಕಿ ಹಣದ ಮಾತಿಲ್ಲ, ಹಳೆಯ ಕಲ್ಲಿನ ಕತೆಯಂತೆ!” ಎಂದರು ಅವರು. ನಗುವುದಕ್ಕೆ ಅವರಿಗೆ ಹಕ್ಕುಂಟು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಒಲೆಯ ಮುಂದೆಯೋ ಸಾಚೆಯ ಮುಂದೆಯೋ ನಿಂತು ಸವೆದವರಿಗೆ ಸಾವಿರದೈನೂರು ವರ್ಷಗಳ ಹಿಂದಿನ ಮಾತು ಯಾತಕ್ಕೆ? ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ನಮ್ಮ ಉತ್ತರ ಇಷ್ಟೇ. ಆ ಕಲ್ಲನ್ನು ಮೊದಲು ಕಂಡವರು ರಸ್ತೆ ಅಗೆಯುತ್ತಿದ್ದ ಕೂಲಿಗಳು. ಇಂದು ಈ ಊರಿನ ನೆಲವನ್ನು ಅಗೆಯುತ್ತಿರುವವರೂ ನಮ್ಮಂಥವರೇ. ಮಣ್ಣಿನಿಂದ ಏನು ಮೇಲೆ ಬರುತ್ತದೆ, ಏನು ಲಾರಿ ಹತ್ತಿ ಹೋಗುತ್ತದೆ ಎಂಬುದು ನಮ್ಮವರ ಕೈಯಲ್ಲಿದೆ. ಆದುದರಿಂದ ಈ ಮಾತು ಪಂಡಿತರಿಗಿಂತ ಮೊದಲು ನಮಗೆ ಸೇರಿದ್ದು.

ನಾವು ಕುಳಿತಿರುವ ಈ ಪರೇಲಿನಿಂದಲೇ ಆರಂಭಿಸೋಣ. 1931ನೆಯ ಇಸವಿಯಲ್ಲಿ ಪರೇಲಿನಿಂದ ಶಿವಡಿಯ ಕಡೆಗೆ ರಸ್ತೆ ಮಾಡುವಾಗ ಮಣ್ಣಿನೊಳಗೆ ಒಂದು ದೊಡ್ಡ ಕಲ್ಲು ಸಿಕ್ಕಿತು. ಮಣ್ಣು ತೊಳೆದು ನೋಡಿದರೆ ಬಿಳಿಯ ಕಲ್ಲಿನ ಮೇಲೆ ಶಿವ! ಒಬ್ಬನಲ್ಲ, ಏಳು ಮಂದಿ. ನಡುವೆ ನಿಂತವನೊಬ್ಬ. ಅವನ ಹಿಂದಿನಿಂದ ಮೇಲಕ್ಕೆ ಎದ್ದವನು ಇನ್ನೊಬ್ಬ. ಅವನಿಂದ ಮೇಲಕ್ಕೆ ಮತ್ತೊಬ್ಬ. ಈ ನಡುಸಾಲಿನ ಎಡಕ್ಕೂ ಬಲಕ್ಕೂ ಇಬ್ಬಿಬ್ಬರು ಕೊಂಬೆ ಒಡೆದಂತೆ ಹೊರಟಿದ್ದಾರೆ. ಕಾಲಬುಡದಲ್ಲಿ ವಾದ್ಯ ಹಿಡಿದ ಗಣಗಳು ಕುಳಿತಿವೆ. ಕಲ್ಲಿನ ಎತ್ತರ ಸುಮಾರು ಹನ್ನೊಂದೂವರೆ ಅಡಿ; ಅಷ್ಟೂ ಒಂದೇ ಕಲ್ಲು. ಬಲ್ಲವರು ಇದನ್ನು ಐದು ಅಥವಾ ಆರನೆಯ ಶತಮಾನದ್ದೆಂದು ಗೊತ್ತುಮಾಡಿದ್ದಾರೆ. ಎಂದರೆ ಅಪೋಲೋ ಬಂದರಿನಿಂದ ದೋಣಿಯಲ್ಲಿ ಹೋಗಿ ನಾವು ನೋಡಿಬರುವ ಘಾರಾಪುರಿಯ ಗುಹೆಗಳ ಕಾಲಕ್ಕೆ ಹತ್ತಿರದ್ದು.

ಆ ಕಲ್ಲು ಇಂದು ಎಲ್ಲಿದೆ? ಇಲ್ಲೇ ಹತ್ತಿರದಲ್ಲಿ, ಪರೇಲ್ ಗಾಂವದ ಬಾರಾದೇವಿ ಗುಡಿಯಲ್ಲಿ. ಅದರ ಅಚ್ಚಿನಿಂದ ತೆಗೆದ ಪ್ರತಿಯೊಂದು ಕೋಟೆಯ ಬಳಿಯ ದೊಡ್ಡ ವಸ್ತುಸಂಗ್ರಹಾಲಯದಲ್ಲಿದೆ. ಮೂಲ ಶಿಲೆ ಮಾತ್ರ ಊರಿನಲ್ಲೇ ಉಳಿದು ಪೂಜೆ ಪಡೆಯುತ್ತಿದೆ. 1985ರಲ್ಲಿ ಭಾರತದ ಪುರಾತತ್ತ್ವ ಇಲಾಖೆ ಅದನ್ನು ಸಂರಕ್ಷಿತವೆಂದು ಸಾರಿತು.

ಇನ್ನು ನಮ್ಮ ತಪ್ಪೊಪ್ಪಿಗೆ. ನಮ್ಮ ಸಂಘದವರಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಈ ಪೇಟೆಯಲ್ಲಿ ದುಡಿದವರಿದ್ದಾರೆ. ಬಾರಾದೇವಿಯ ದಾರಿಯಲ್ಲಿ ಹಾಲಿನ ಕ್ಯಾನು ಹೊತ್ತವರಿದ್ದಾರೆ, ಡಬ್ಬಿ ಹಿಡಿದು ಗಿರಣಿಗೆ ನಡೆದವರಿದ್ದಾರೆ. ಕಳೆದ ಚಳಿಗಾಲದ ಒಂದು ರಜೆಯ ದಿನ ನಾವು ಹತ್ತು ಹನ್ನೆರಡು ಮಂದಿ ಕೂಡಿ ಹೋಗಿ ಆ ಶಿವನ ಮುಂದೆ ನಿಂತಾಗ, ಮೊದಲ ಸಲ ನೋಡುತ್ತಿದ್ದವರೇ ನಮ್ಮಲ್ಲಿ ಹೆಚ್ಚು. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಹಿರಿಯ ಸದಸ್ಯರೊಬ್ಬರು ಬಹಳ ಹೊತ್ತು ಸುಮ್ಮನೆ ನೋಡಿ, ಕೊನೆಗೆ, “ಇವನ ಮೈಮೇಲಿನ ಬಟ್ಟೆಯ ನೆರಿಗೆ ನೋಡಿರೋ, ಕೆತ್ತಿದವನಿಗೆ ನೂಲಿನ ಗುಣ ಗೊತ್ತಿತ್ತು” ಎಂದರು. ಯಾವ ಪುಸ್ತಕವನ್ನೂ ಓದದೆ ಅವರು ಆಡಿದ ಆ ಮಾತು ಕೆಲಸ ಬಲ್ಲವನು ಕೆಲಸ ಬಲ್ಲವನನ್ನು ಗುರುತಿಸಿದ ಮಾತು. ಅಂದೇ ನಮಗೆ ಈ ಭಾಷಣದ ವಿಚಾರ ಹೊಳೆದದ್ದು.

ಬಂಧುಗಳೇ, ಪುರಾತತ್ತ್ವ ಶೋಧನೆಯೆಂದರೆ ಹೂತಿಟ್ಟ ಹಣ ಹುಡುಕುವ ವಿದ್ಯೆಯೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಅದರ ಬಗೆಯೇ ಬೇರೆ. ನಮ್ಮ ಚಾಳಿನ ಗೋಡೆಯ ಸುಣ್ಣ ಒಂದು ಕಡೆ ಉದುರಿದಾಗ ನೋಡಿದ್ದೀರಲ್ಲ? ಮೇಲೆ ಹೋದ ದೀಪಾವಳಿಗೆ ಬಳಿದ ಹಳದಿ. ಅದರಡಿಯಲ್ಲಿ ಮಗಳ ಮದುವೆಗೆ ಬಳಿದ ಹಸಿರು. ಅದರಡಿಯಲ್ಲಿ ತಂದೆಯ ಕಾಲದ ನೀಲಿ ಹಾಕಿದ ಸುಣ್ಣ. ಕಟ್ಟಕಡೆಗೆ ಹೊಗೆ ಹಿಡಿದ ಗಾರೆ. ಯಾವುದು ಮೊದಲು ಯಾವುದು ಆಮೇಲೆ ಎಂದು ಯಾರೂ ಹೇಳಿಕೊಡಬೇಕಿಲ್ಲ, ಪದರವೇ ಹೇಳುತ್ತದೆ. ನೆಲವೂ ಹಾಗೆಯೇ. ಮೇಲಿನದು ಹೊಸತು, ಕೆಳಗಿನದು ಹಳೆಯದು. ಹಸಿರು ಪದರದೊಳಗೆ ಸಿಕ್ಕಿಕೊಂಡ ಮೊಳೆ ಮದುವೆಯ ವರ್ಷದ್ದು. ಅದೇ ಮೊಳೆಯನ್ನು ಕಿತ್ತು ಕಿಸೆಗೆ ಹಾಕಿಕೊಂಡರೆ ಅದು ಬರಿಯ ಕಬ್ಬಿಣ. ವಸ್ತುವಿಗಿಂತ ವಸ್ತು ಸಿಕ್ಕಿದ ಜಾಗ ಮುಖ್ಯ ಎನ್ನುವುದು ಈ ವಿದ್ಯೆಯ ಮೊದಲ ಪಾಠ. ಈ ಒಂದು ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭ.

ಮುಂಬಯಿಯೆಂದರೆ ಇಂಗ್ಲಿಷರು ಕಟ್ಟಿದ ಊರು, ಅದಕ್ಕೆ ಮೊದಲು ಇಲ್ಲಿ ಬರಿಯ ಮೀನುಗಾರರ ಗುಡಿಸಲು ಎಂದು ಶಾಲೆಯಲ್ಲಿ ಓದಿದ್ದೇವೆ. ನೆಲ ಬೇರೆ ಮಾತು ಹೇಳುತ್ತದೆ. 1930ರ ದಶಕದಲ್ಲಿ ಟಾಡ್ ಎಂಬ ನೌಕಾದಳದ ಅಧಿಕಾರಿಯೊಬ್ಬರು ಕಾಂದಿವಲಿಯ ಮಣ್ಣಿನ ಪದರಗಳಲ್ಲಿ ಕಲ್ಲಿನ ಆಯುಧಗಳನ್ನು ಕಂಡರು. ಅವು ಆದಿಮಾನವನು ಬೇಟೆಗೂ ಗೆಡ್ಡೆಗೆಣಸು ಅಗೆಯುವುದಕ್ಕೂ ಕೈಯಾರೆ ಒಡೆದು ಮಾಡಿಕೊಂಡವು. ಊರು ಹುಟ್ಟುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಇಲ್ಲಿ ಕೈಕೆಲಸ ನಡೆದಿತ್ತು.

ಅಲ್ಲಿಂದ ಇನ್ನೂ ಉತ್ತರಕ್ಕೆ ಹೋದರೆ ನಾಲಾಸೋಪಾರ. ಬಾಡಿಗೆ ಕಡಿಮೆಯೆಂದು ನಮ್ಮ ಎಷ್ಟೋ ಜನ ಈಗ ಅಲ್ಲಿ ಮನೆ ಮಾಡಿದ್ದಾರೆ. ಬೆಳಗಿನ ಗಾಡಿಯಲ್ಲಿ ಜೋತು ಬರುವವರಿಗೆ ಅದು ಬರಿಯ ಒಂದು ಸ್ಟೇಷನ್. ಎರಡು ಸಾವಿರ ವರ್ಷಗಳ ಹಿಂದೆ ಅದು ಶೂರ್ಪಾರಕವೆಂಬ ದೊಡ್ಡ ಬಂದರು. ಅಶೋಕ ಚಕ್ರವರ್ತಿಯ ಎಂಟನೆಯ ಶಾಸನದ ತುಂಡು ಅಲ್ಲಿ 1882ರಲ್ಲಿ ಸಿಕ್ಕಿತು; ಒಂಬತ್ತನೆಯದರ ತುಂಡು 1956ರಲ್ಲಿ ಹತ್ತಿರದ ಭುಯಿಗಾಂವದಲ್ಲಿ ಸಿಕ್ಕಿತು. ಅಲ್ಲೊಂದು ದಿಬ್ಬವಿತ್ತು. ಬುಟ್ಟಿ ಹೆಣೆಯುವ ಮೇದಾರರ ರಾಜನ ಕೋಟೆಯೆಂದು ಊರವರು ಅದನ್ನು ಕರೆಯುತ್ತಿದ್ದರು. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು ಅದನ್ನು ಅಗೆಸಿದರು. ಅದು ಇಟ್ಟಿಗೆಯ ಬೌದ್ಧ ಸ್ತೂಪ. ಅದರ ಹೊಟ್ಟೆಯಲ್ಲಿ ಕಲ್ಲಿನ ದೊಡ್ಡ ಭರಣಿ, ಅದರೊಳಗೆ ಕಂಚಿನ ಎಂಟು ಬುದ್ಧರು, ನಡುವೆ ಒಂದರೊಳಗೊಂದಾಗಿ ತಾಮ್ರ, ಬೆಳ್ಳಿ, ಕಲ್ಲು, ಸ್ಫಟಿಕ, ಚಿನ್ನಗಳ ಕರಡಿಗೆಗಳು. ಚಿನ್ನದ ಕರಡಿಗೆಯೊಳಗೆ ಏನಿತ್ತು ಗೊತ್ತೇ? ಮಣ್ಣಿನ ಪಾತ್ರೆಯ ಪುಟ್ಟ ಚೂರುಗಳು. ಬುದ್ಧದೇವನ ಭಿಕ್ಷಾಪಾತ್ರೆಯವೆಂದು ನಂಬಿ ಅಷ್ಟು ಜೋಪಾನ ಮಾಡಿದ್ದರು. ತಟ್ಟೆ ತೊಳೆದು ಕೈ ಸುಕ್ಕುಗಟ್ಟಿಸಿಕೊಂಡ ನಮ್ಮ ಮೋರಿಯ ಹುಡುಗರು ಇದನ್ನು ನೆನಪಿಡಬೇಕು. ಬಂಗಾರವು ಕಾಯುತ್ತಿದ್ದುದು ಉಂಡ ಪಾತ್ರೆಯ ಚೂರನ್ನು.

ಈ ಭಗವಾನ್‌ಲಾಲರ ಬಗ್ಗೆ ಎರಡು ಮಾತು ಹೇಳಲೇಬೇಕು. ಜುನಾಗಡದಲ್ಲಿ 1839ರಲ್ಲಿ ಹುಟ್ಟಿದವರು. ದೊಡ್ಡ ಇಂಗ್ಲಿಷ್ ವಿದ್ಯಾಭ್ಯಾಸವಿಲ್ಲ. ತಮ್ಮ ಊರಿನ ಗಿರಿನಾರದ ಬಂಡೆಯ ಮೇಲಿನ ತಿಳಿಯದ ಅಕ್ಷರಗಳನ್ನು ನೋಡಿ ನೋಡಿ ಓದಲು ಕಲಿತರು. ಮುಂಬಯಿಯ ಡಾಕ್ಟರ್ ಭಾವು ದಾಜಿಯವರು ಇವರ ಕಣ್ಣಿನ ಚುರುಕನ್ನು ಕಂಡು ಕರೆಸಿಕೊಂಡರು. ಅಂದಿನಿಂದ ದೇಶದ ಉದ್ದಗಲಕ್ಕೂ ತಿರುಗಿ, ಗುಹೆಗುಹೆಗಳ ಬರೆಹಗಳನ್ನು ಕೈಯಾರೆ ಪ್ರತಿ ಮಾಡಿದರು. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರ್ ಪದವಿ ಕೊಟ್ಟಿತು. ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಅಕ್ಷರ ಕಲಿತ ನಮ್ಮ ಹಿರಿಯರಿಗೆ ಇಂಥವರು ದೂರದವರಲ್ಲ. ಸೋಪಾರದ ಭರಣಿಯೂ ಕರಡಿಗೆಗಳೂ ಕೋಟೆಯ ಟೌನ್ ಹಾಲಿನ ಏಷ್ಯಾಟಿಕ್ ಸೊಸಾಯಿಟಿಯ ಸಂಗ್ರಹಕ್ಕೆ ಸೇರಿದವು.

ಈಗ ಕನ್ನಡದ ಮಾತಿಗೆ ಬರೋಣ. ಬೋರಿವಲಿಯ ಕಾಡಿನಲ್ಲಿ ಕಾನ್ಹೇರಿಯ ಗುಹೆಗಳಿವೆ. ಬೆಸಾಲ್ಟ್ ಬಂಡೆಯಲ್ಲಿ ಕಡೆದ ನೂರಕ್ಕೂ ಮೇಲ್ಪಟ್ಟ ಗುಹೆಗಳು. ನಮ್ಮ ಚಾಳಿನಂತೆ ಸಾಲು ಸಾಲು ಖೋಲಿಗಳು. ಒಂದು ವ್ಯತ್ಯಾಸವುಂಟು. ಬಹುಪಾಲು ಖೋಲಿಗಳ ಬಳಿ ಮಳೆಯ ನೀರು ತುಂಬಿಕೊಳ್ಳುವ ತೊಟ್ಟಿಯಿದೆ. ನಮ್ಮ ಕೆಲವು ಚಾಳುಗಳಿಗೆ ಇಂದಿಗೂ ಅಷ್ಟು ಅನುಕೂಲವಿಲ್ಲ! ಈ ಗುಹೆಗಳಿಗೆ ದಾನ ಕೊಟ್ಟವರ ಹೆಸರನ್ನು ಗೋಡೆಯಲ್ಲಿ ಕೆತ್ತಿದ್ದಾರೆ. ಅಲ್ಲಿ ವರ್ತಕರಿದ್ದಾರೆ, ಕಲ್ಯಾಣದ ಅಕ್ಕಸಾಲಿಗನಿದ್ದಾನೆ, ಕಲ್ಯಾಣದ ಕಮ್ಮಾರನಿದ್ದಾನೆ. ಕೈಕಸುಬಿನವನು ತನ್ನ ಗಳಿಕೆಯಲ್ಲಿ ಒಂದಿಷ್ಟು ಕೊಟ್ಟು ಎರಡು ಸಾವಿರ ವರ್ಷ ಬಾಳುವ ಹೆಸರು ಬರೆಸಿಕೊಂಡಿದ್ದಾನೆ.

ಆದರೆ ನಮ್ಮ ಮೈ ಪುಳಕಗೊಂಡದ್ದು ಒಂಬತ್ತನೆಯ ಶತಮಾನದ ಬರೆಹಗಳ ಮಾತು ಕೇಳಿದಾಗ. ಅಲ್ಲಿ ಶಕವರ್ಷ 765, 775, 799 ಎಂದು ತೇದಿಯಿರುವ ಶಾಸನಗಳಿವೆ. ಎಂದರೆ ನಮ್ಮ ಲೆಕ್ಕಕ್ಕೆ 843ರಿಂದ 878ರ ನಡುವಿನವು. ಕೊಂಕಣವನ್ನು ಆಗ ಆಳುತ್ತಿದ್ದವರು ಶಿಲಾಹಾರರು, ಪುಲ್ಲಶಕ್ತಿ ಮತ್ತು ಕಪರ್ದಿ. ಅವರು ತಮ್ಮ ಒಡೆಯನೆಂದು ಯಾರ ಹೆಸರು ಹೇಳುತ್ತಾರೆ? ಅಮೋಘವರ್ಷನದು! ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷ, ನಮ್ಮ ನೃಪತುಂಗ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಲೋಕಲ್ ಗಾಡಿಯಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಅವನ ಹೆಸರು ಕಲ್ಲಿನಲ್ಲಿದೆ. ಶಿಲಾಹಾರರ ಬಿರುದುಗಳನ್ನು ಕೇಳಿ: ಗಂಡರಗಂಡ, ನನ್ನಿಸಮುದ್ರ. ‘ನನ್ನಿ’ಯೆಂದರೆ ಹಳಗನ್ನಡದಲ್ಲಿ ಸತ್ಯ. ಸಂಸ್ಕೃತ ಶಾಸನದ ನಡುವೆ ಈ ಕನ್ನಡ ಬಿರುದುಗಳು ಹೇಗೆ ಬಂದವು ಎಂದು ವಿದ್ವಾಂಸರು ವಿಚಾರ ಮಾಡಿದ್ದಾರೆ. ಆ ಮನೆತನದ ಮೂಲ ಕನ್ನಡ ನುಡಿಯುವ ಸೀಮೆಯಲ್ಲಿ ಇದ್ದಿರಬೇಕೆಂಬ ಅಭಿಪ್ರಾಯವೂ ಅವರಲ್ಲಿದೆ.

ಇಲ್ಲಿ ಚಪ್ಪಾಳೆ ಬೀಳುತ್ತದೆಂದು ನಮಗೆ ಗೊತ್ತಿತ್ತು! ಚಪ್ಪಾಳೆ ಸರಿಯೇ. ಆದರೆ ಇದನ್ನು ಹಿಡಿದುಕೊಂಡು, ಈ ಊರು ಹಿಂದೆ ನಮ್ಮದಾಗಿತ್ತು ಎಂದು ಯಾರಾದರೂ ಎದೆ ತಟ್ಟಿಕೊಂಡರೆ ಕಲ್ಲಿಗೆ ಮೋಸ ಮಾಡಿದಂತೆ. ಆ ಶಾಸನಗಳನ್ನು ಪೂರ್ತಿ ಓದಬೇಕು. ಅವುಗಳಲ್ಲಿ ಒಂದು ಹೇಳುವುದೇನು? ದೂರದ ಗೌಡ ದೇಶದಿಂದ, ಎಂದರೆ ಬಂಗಾಲದಿಂದ, ಬಂದ ಬೌದ್ಧ ಭಕ್ತನೊಬ್ಬನು ನೂರು ದ್ರಮ್ಮ ನಾಣ್ಯಗಳ ನಿಧಿಯಿಟ್ಟು, ಭಿಕ್ಷುಗಳಿಗೆ ಧ್ಯಾನದ ಕೋಣೆಯನ್ನೂ ಉಡುವ ಬಟ್ಟೆಯನ್ನೂ ಏರ್ಪಡಿಸಿದನು. ಕೊಟ್ಟವನು ಬಂಗಾಲದವನು, ನಾಡು ಕೊಂಕಣದ್ದು, ಸಾಮಂತ ಶಿಲಾಹಾರ, ಚಕ್ರವರ್ತಿ ಕರ್ನಾಟಕದವನು, ಅವನ ಒಲವು ಜೈನಧರ್ಮದ ಕಡೆಗೆ; ದಾನ ಪಡೆದವರು ಬೌದ್ಧರು. ಅಷ್ಟೇ ಅಲ್ಲ, ಅದೇ ಕಾನ್ಹೇರಿಗೆ 1009ರಲ್ಲಿಯೂ 1021ರಲ್ಲಿಯೂ ಬಂದ ಪಾರಸಿಗಳು ತಮ್ಮ ಪಹ್ಲವಿ ಲಿಪಿಯಲ್ಲಿ ಹೆಸರು ಕೆತ್ತಿ ಹೋಗಿದ್ದಾರೆ. ಊರ ಹೊರಗಿನವರು ಯಾರು, ಒಳಗಿನವರು ಯಾರು ಎಂದು ಈ ನಗರದಲ್ಲಿ ಆಗಾಗ ಕೂಗೇಳುತ್ತದೆ. ಅಂಥ ದಿನಗಳಲ್ಲಿ ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತವರು ನಾವು. ಬಂಡೆಯ ಸಾಕ್ಷಿ ಕೇಳಿದರೆ, ಬಂದವರು ಬರುತ್ತಲೇ ಇದ್ದರು, ಬಂದವರು ಏನಾದರೊಂದು ಕೊಟ್ಟುಹೋದರು. ನಮಗೆ ಬೇಕಾದ ಹಕ್ಕು ಅಷ್ಟೇ, ಹೊಣೆಯೂ ಅಷ್ಟೇ.

ಇದೇ ಎಚ್ಚರವನ್ನು ಪುಲಿಕೇಶಿಯ ವಿಷಯದಲ್ಲೂ ಇಟ್ಟುಕೊಳ್ಳಬೇಕು. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ರಚಿಸಿದ ಶಾಸನವಿದೆ. ಅದರ ಕಾಲ 634. ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿದನೆಂದೂ, ಪಡುಗಡಲ ಸಿರಿಯಂತಿದ್ದ ಪುರಿಯೆಂಬ ನಗರವನ್ನು ಹಡಗುಗಳಿಂದ ಮುತ್ತಿದನೆಂದೂ ಅದು ಹೇಳುತ್ತದೆ. ಆ ಪುರಿ ನಮ್ಮ ಘಾರಾಪುರಿಯೇ ಎಂದು ಕೆಲವರು, ಜಂಜಿರೆಯ ಹತ್ತಿರದ ರಾಜಪುರಿ ಎಂದು ಕೆಲವರು. ಘಾರಾಪುರಿಯ ಗುಹೆಯನ್ನು ಕಡೆಸಿದವರು ಯಾರು ಎಂಬುದಕ್ಕೆ ಅಲ್ಲಿ ಸಿಕ್ಕಿದ ಸಣ್ಣ ನಾಣ್ಯಗಳು ಸುಳಿವು ಕೊಟ್ಟಿವೆ. ಅವು ಕಳಚುರಿ ದೊರೆ ಕೃಷ್ಣರಾಜನವು. ಅವುಗಳ ಆಧಾರದಿಂದ ಅನೇಕ ವಿದ್ವಾಂಸರು ಗುಹೆಯ ಕೀರ್ತಿಯನ್ನು ಕಳಚುರಿಗಳಿಗೆ ಸಲ್ಲಿಸುತ್ತಾರೆ. ಅಷ್ಟು ದೊಡ್ಡ ಗುಹೆಗೆ ಸಾಕ್ಷಿ ಹೇಳಲು ಉಳಿದದ್ದು ಪುಡಿ ನಾಣ್ಯ! ಅಲ್ಲಿದ್ದ ಶಿಲಾಶಾಸನವೊಂದನ್ನು ಪೋರ್ಚುಗೀಸರ ಕಾಲದಲ್ಲಿ ಕಿತ್ತು ಒಯ್ದರು. ಆಮೇಲೆ ಅದು ಎಲ್ಲಿಯೋ ಕಳೆದುಹೋಯಿತು. ಆ ಒಂದು ಕಲ್ಲು ಇದ್ದ ಜಾಗದಲ್ಲೇ ಇದ್ದಿದ್ದರೆ ಇಷ್ಟು ವಾದ ಬೇಕಾಗುತ್ತಿರಲಿಲ್ಲ. ಚಾಳಿನ ಗೋಡೆಯ ಮೊಳೆಯ ಮಾತು ಹೇಳಿದೆವಲ್ಲ, ಇದೇ ಅದು.

ಪರೇಲಿಗೆ ಮರಳೋಣ. ಇಲ್ಲಿ ಇನ್ನೊಂದು ಕಲ್ಲು ಸಿಕ್ಕಿತ್ತು. ಅದು 1187ರ, ಶಿಲಾಹಾರ ಅಪರಾದಿತ್ಯನ ಶಾಸನ. ದೇವರಿಗೆ ಬಿಟ್ಟ ದಾನದ ಮಾತು ಅದರಲ್ಲಿದೆ. ಬರೆಹದ ಬಹುಪಾಲು ಸಂಸ್ಕೃತ. ಕೊನೆಗೆ, ಈ ದಾನವನ್ನು ಕೆಡಿಸಿದವನಿಗೆ ಹಾಕಿದ ಶಾಪ ಮಾತ್ರ ಮರಾಠಿಯಲ್ಲಿದೆ. ಇಂಥ ಶಾಪದ ಕಲ್ಲುಗಳು ಮುಂಬಯಿ ಠಾಣೆಗಳ ಸುತ್ತ ಇನ್ನೂ ಅನೇಕ ಇವೆ. ಮೇಲೆ ಸೂರ್ಯಚಂದ್ರರು, ಕೆಳಗೆ ಒಂದು ಕತ್ತೆ. ಮಿಕ್ಕುದನ್ನು ತಾಯಂದಿರ ಮುಂದೆ ಹೇಳುವ ಹಾಗಿಲ್ಲ! ಇವನ್ನು ಗಧೇಗಳ ಎನ್ನುತ್ತಾರೆ. ನಮ್ಮ ಊರಕಡೆಯ ಶಾಸನಗಳಲ್ಲಿ ಧರ್ಮ ಕೆಡಿಸಿದವನು ಕಾಶಿಯಲ್ಲಿ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಇಲ್ಲಿ ಕತ್ತೆಯ ಬೈಗಳು. ಭಾಷೆ ಬೇರೆ, ಹೆದರಿಕೆ ಒಂದೇ: ಬಲವುಳ್ಳವನು ನಾಳೆ ಬಂದು ಬಡವನ ಪಾಲನ್ನು ನುಂಗಿಬಿಟ್ಟರೆ ಏನು ಗತಿ? ಶಾಪದ ಭಾಗವನ್ನು ಮಾತ್ರ ಆಡುಮಾತಿನಲ್ಲಿ ಯಾಕೆ ಬರೆದರು? ಅದು ಎಲ್ಲರಿಗೂ ತಿಳಿಯಲಿ ಎಂದೇ ಇರಬೇಕು. ಇಂದು ನಮ್ಮ ಬಾಡಿಗೆಯ ಕರಾರು, ಕೆಲಸದ ಕರಾರು ಎಲ್ಲ ಇಂಗ್ಲಿಷಿನಲ್ಲಿ ಬರುತ್ತವೆ; ಎಂಟುನೂರು ವರ್ಷಗಳ ಹಿಂದಿನವರಿಗೆ ನಮಗಿಂತ ಹೆಚ್ಚು ಬುದ್ಧಿಯಿತ್ತು.

ಕೈ ಹಾಕಬಾರದಲ್ಲಿ ಕೈ ಹಾಕಿದರೆ ಏನಾಗುತ್ತದೆಂಬುದಕ್ಕೆ ಭಾಯಖಳಾದ ಉದ್ಯಾನದಲ್ಲೊಂದು ಸಾಕ್ಷಿಯಿದೆ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ಕಲ್ಲಿನ ಆನೆ ನಿಂತಿದೆಯಲ್ಲ, ರಜೆಯ ದಿನ ಮಕ್ಕಳನ್ನು ಕರೆದೊಯ್ದವರು ನೋಡಿರುತ್ತೀರಿ. ಘಾರಾಪುರಿಗೆ ಎಲಿಫೆಂಟಾ ಎಂಬ ಹೆಸರು ಬಂದದ್ದು ಈ ಆನೆಯಿಂದ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟರು. ಎತ್ತುವಾಗ ಯಂತ್ರ ಕೈಕೊಟ್ಟು ಆನೆ ಬಿದ್ದು ಒಡೆದು ಚೂರಾಯಿತು. ಚೂರುಗಳನ್ನು ತಂದು, ಎಷ್ಟೋ ವರ್ಷಗಳ ಮೇಲೆ ಕೂಡಿಸಿ ನಿಲ್ಲಿಸಿದರು.

ಈಗ ಹಿಂದಿನ ಬೆಂಚಿನ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಖೋಲಿಯ ಮಾತು ಇದರಲ್ಲಿ ಎಲ್ಲಿದೆ?

ನಮ್ಮ ಸುತ್ತ ನೋಡಿ. 1856ರಲ್ಲಿ ತಾಡದೇವದಲ್ಲಿ ಮೊದಲ ಹತ್ತಿ ಗಿರಣಿ ತಿರುಗತೊಡಗಿದಂದಿನಿಂದ ಈ ಪೇಟೆ ಬೆಳೆಯಿತು. 1982ರ ಜನವರಿಯಲ್ಲಿ ಮುಷ್ಕರ ಹೂಡಿದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ನಮ್ಮವರೂ ಇದ್ದರು. ಆಮೇಲಿನದು ನಿಮಗೆ ಹೇಳಬೇಕಾದುದಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜಾಗ ಕೈ ಬದಲಾಯಿಸಿತು. ಚಿಮಣಿಗಳು ಉರುಳಿದವು. ಈಗ ಆ ನೆಲದಲ್ಲಿ ಐವತ್ತು ಅರವತ್ತು ಮಹಡಿಗಳ ಕಟ್ಟಡಗಳಿಗಾಗಿ ಅಡಿಪಾಯ ಅಗೆಯುತ್ತಿದ್ದಾರೆ. ಗಿರಣಿ ಕಟ್ಟುವಾಗ ಮುಟ್ಟದಿದ್ದ ಆಳವನ್ನು ಈಗ ಯಂತ್ರ ಮುಟ್ಟುತ್ತಿದೆ. ಹಿಂದೆ ಈ ಪರೇಲೂ ಏಳು ದ್ವೀಪಗಳಲ್ಲಿ ಒಂದು. ಆ ದ್ವೀಪದ ನೆಲದಲ್ಲಿ ಗುಡಿಯಿತ್ತು, ಊರಿತ್ತು, ಶಾಸನವಿತ್ತು ಎಂಬುದಕ್ಕೆ ಎರಡು ಕಲ್ಲುಗಳು ಸಾಕ್ಷಿ. ಮೂರನೆಯ ಕಲ್ಲು ಇರಲಾರದೆಂದು ಯಾರು ಹೇಳಬಲ್ಲರು? 1931ರಲ್ಲಿ ಕೈಗುದ್ದಲಿಯಾದ ಕಾರಣ ಠಣ್ ಎಂದು ಸದ್ದಾದಾಗ ನಿಲ್ಲಿಸುವುದಕ್ಕೆ ಬಂತು. ಯಂತ್ರದ ಹಲ್ಲಿಗೆ ಶಿವನೂ ಒಂದೇ, ಜಲ್ಲಿಯೂ ಒಂದೇ. ನಿಲ್ಲಿಸಬೇಕಾದವನು ಮನುಷ್ಯ.

ಆ ಮನುಷ್ಯ ಯಾರು? ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಗಂಟು ಹಿಡಿದು ನಿಲ್ಲುವವರನ್ನು ಮಾತಾಡಿಸಿ ನೋಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಎಷ್ಟೋ ಮಂದಿ ಅಲ್ಲಿದ್ದಾರೆ. ಅಮೋಘವರ್ಷನ ಮಾನ್ಯಖೇಟವೆಂದರೆ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ಹೊಳೆಯ ದಂಡೆಯ ಊರು. ಹನ್ನೆರಡು ಶತಮಾನಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದದ್ದು ಚಕ್ರವರ್ತಿಯ ಹೆಸರು. ಇಂದು ಅದೇ ಜಿಲ್ಲೆಯಿಂದ ಬರುತ್ತಿರುವುದು ಗುದ್ದಲಿ ಹಿಡಿದ ಕೈ. ಆ ಕೈಗೆ ತಾನೇನು ಎತ್ತುತ್ತಿದ್ದೇನೆಂಬುದನ್ನು ಅದರ ಭಾಷೆಯಲ್ಲೇ ತಿಳಿಸಿಕೊಡುವವರು ಯಾರು? ನಾವಲ್ಲದೆ ಬೇರೆ ಯಾರೂ ಇಲ್ಲ.

ಆದುದರಿಂದ ಕೆಲವು ಕೆಲಸದ ಮಾತುಗಳನ್ನು ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಕಾಯಿದೆ. 1878ರ ನಿಧಿ ಕಾಯಿದೆಯಂತೆ, ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳ ಯಾವುದೇ ವಸ್ತು ಸಿಕ್ಕಿದರೆ ಸಿಕ್ಕಿದವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ಬಚ್ಚಿಟ್ಟರೆ ಶಿಕ್ಷೆ. ತಿಳಿಸಿದರೆ ಹಕ್ಕು. ಅದಕ್ಕೆ ಒಡೆಯರಿಲ್ಲವೆಂದು ತೀರ್ಮಾನವಾದಾಗ, ಬೇರೆ ಒಪ್ಪಂದವಿಲ್ಲದಿದ್ದರೆ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ನೆಲದವನಿಗೆ ಎಂದು ಆ ಕಾಯಿದೆ ಹೇಳುತ್ತದೆ. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಬೆಲೆ ಕೊಟ್ಟು ಕೊಳ್ಳಬೇಕು. ಕೂಲಿಯವನಿಗೆ ಇದನ್ನು ಹೇಳದೆ, ಬರಿದೆ ಹೆದರಿಸಿ ಬಾಯಿ ಮುಚ್ಚಿಸುವ ಮುಕಾದಮರು ಇರುತ್ತಾರೆ. ಹೆದರಬೇಡಿ. ಕೆತ್ತಿದ ಕಲ್ಲು, ಅಕ್ಷರ, ನಾಣ್ಯ, ಹಳೆಯ ಮಡಕೆಯ ರಾಶಿ ಕಂಡರೆ ಅಲ್ಲಿಗೇ ಬಿಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಜಾಗವನ್ನೂ ಆಳವನ್ನೂ ಗುರುತಿಡಿ. ಆಮೇಲೆ ನಮ್ಮ ಸಂಘಕ್ಕೆ ಬನ್ನಿ. ಕಲೆಕ್ಟರ್ ಕಚೇರಿಗೆ ಅರ್ಜಿ ಬರೆದುಕೊಡುವ ಹೊಣೆ ನಮ್ಮದು.

ಎರಡನೆಯದು, ನೋಟ. 2015ರಿಂದಾಚೆಗೆ ಮುಂಬಯಿ ವಿಶ್ವವಿದ್ಯಾಲಯದ ಬಹಿಃಶಾಲ ವಿಭಾಗದವರೂ ಜೊತೆಯ ಸಂಸ್ಥೆಗಳವರೂ ಸಾಷ್ಟಿ ದ್ವೀಪವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಹಾದಿಬದಿಯ ಕಲ್ಲುಗಳನ್ನೂ ಶಾಪದ ಕಲ್ಲುಗಳನ್ನೂ ಮುರಿದ ಗುಡಿಗಳ ಚೂರುಗಳನ್ನೂ ದಾಖಲೆ ಮಾಡಿದರು. ಕಾನ್ಹೇರಿಯ ಕಾಡಿನಲ್ಲಿ ಅದುವರೆಗೆ ಲೆಕ್ಕಕ್ಕೆ ಬಾರದಿದ್ದ ಏಳು ಗುಹೆಗಳ ಸುದ್ದಿ 2017ರಲ್ಲಿ ಹೊರಬಂತು. ಇಷ್ಟು ಜನ ತುಂಬಿದ ಊರಿನಲ್ಲಿ ಏಳು ಗುಹೆಗಳು ಕಣ್ಣಿಗೆ ಬೀಳದೆ ಉಳಿದಿದ್ದವು! ನಾವೂ ಎರಡು ತಿಂಗಳಿಗೊಮ್ಮೆ, ರಜೆಯ ದಿನ, ಸಂಘದಿಂದ ಒಂದೊಂದು ಸ್ಥಳಕ್ಕೆ ಹೋಗಿಬರೋಣ. ಮಕ್ಕಳೂ ಬರಲಿ. ಬುತ್ತಿಯ ವ್ಯವಸ್ಥೆಗೆ ನಮ್ಮ ಅಡಿಗೆ ಭಟ್ಟರಿದ್ದಾರೆ. ಆ ಭಯ ಬೇಡ.

ಮೂರನೆಯದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಹಿಂದೊಮ್ಮೆ ನಮ್ಮ ಸಂಘದ ಕೋಣೆ ಬದಲಾಯಿಸುವಾಗ ರಾತ್ರಿ ಶಾಲೆಯ ಹಾಜರಿ ಪುಸ್ತಕಗಳನ್ನೂ ಈ ಪತ್ರಿಕೆಯ ಹಳೆಯ ಸಂಚಿಕೆಗಳ ಗಂಟನ್ನೂ ರದ್ದಿಗೆ ಹಾಕಿದೆವು. ತೂಕಕ್ಕೆ ಹಣ ಬಂತು. ಆ ಹಣದಲ್ಲಿ ಚಹಾ ಕುಡಿದೆವು. ಹತ್ತು ವರ್ಷದ ಹುಡುಗನಾಗಿ ಊರು ಬಿಟ್ಟು ಬಂದು, ತಟ್ಟೆ ತೊಳೆದು, ರಾತ್ರಿ ಹತ್ತಕ್ಕೆ ಸ್ಲೇಟು ಹಿಡಿದವರ ಹೆಸರುಗಳೆಲ್ಲ ಪೊಟ್ಟಣ ಕಟ್ಟುವ ಕಾಗದವಾಗಿ ಹೋದವು. ಪೋರ್ಚುಗೀಸರು ಘಾರಾಪುರಿಯ ಶಾಸನ ಕಳೆದರೆಂದು ದೂರುವ ನಮ್ಮ ಬಾಯಿ ಇಲ್ಲಿ ಕಟ್ಟಿಹೋಗುತ್ತದೆ. ನಮ್ಮ ಶಾಸನವನ್ನು ನಾವೇ ಮಾರಿದೆವು.

ಆದುದರಿಂದ ನಮ್ಮ ಕೋರಿಕೆ. ಯಾರ ಮನೆಯ ಟ್ರಂಕಿನಲ್ಲಿ ಗಿರಣಿಯ ಬಿಲ್ಲೆ ಇದೆಯೋ, ಹಾಜರಿ ಚೀಟಿ ಇದೆಯೋ, ಸಂಘದ ರಸೀದಿ, ನಾಟಕದ ಕರಪತ್ರ, ಊರಿನಿಂದ ಬಂದ ಕಾರ್ಡು, ಹೋಟೆಲಿನ ಹಳೆಯ ದರಪಟ್ಟಿ ಇದೆಯೋ, ಅವನ್ನು ಎಸೆಯಬೇಡಿ. ಯಾರದು, ಯಾವ ವರ್ಷದ್ದು, ಎಲ್ಲಿಯದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಕಲ್ಯಾಣದ ಕಮ್ಮಾರನ ಹೆಸರು ಉಳಿದದ್ದು ಅವನು ಬರೆಸಿದ ಕಾರಣ. ಪರೇಲಿನ ಶಿವ ಉಳಿದದ್ದು ಯಾರೋ ಒಬ್ಬ ಗುದ್ದಲಿ ನಿಲ್ಲಿಸಿದ ಕಾರಣ. ಇವೆರಡೂ ದುಡಿಯುವ ಕೈಯಿಂದ ಆಗುವ ಕೆಲಸಗಳೇ.

ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾರಾದೇವಿ ಗುಡಿಯ ಮುಂದೆ ಸೇರೋಣ. ರಾತ್ರಿ ಪಾಳಿಯವರು ನೇರವಾಗಿ ಬರಬಹುದು. ಚಹಾ ಸಂಘದ ಲೆಕ್ಕಕ್ಕೆ. ಹಿಂದಿನ ಬೆಂಚಿನ ಹಿರಿಯರು ಮ್ಯಾತ್ರ ತಪ್ಪಿಸಬಾರದು. ಅವರ ಟ್ರಂಕಿನಲ್ಲಿ ಏನಿದೆಯೆಂದು ನೋಡುವ ಆಸೆ ನಮಗಿದೆ.